ಬೇಗೂರಿನ ವೀರಗಲ್ಲುಗಳು ಮತ್ತು ಗಂಗರ ಕಾಲದ ಯೋಧ

೧. ಪೀಠಿಕೆ

ಮಧ್ಯಯುಗದ ಸೈನ್ಯಗಳ ಇತಿಹಾಸವನ್ನು ಬೋಧಿಸುವಾಗ ನಮ್ಮ ತರಗತಿಗಳಲ್ಲಿ ಒಂದು ವಿಚಿತ್ರ ಪರಿಸ್ಥಿತಿ ಒದಗುತ್ತದೆ. ಪೂರ್ವ ರೋಮನ್ ಅಥವಾ ಬೈಜಾಂಟಿಯಮ್ ಸಾಮ್ರಾಜ್ಯದ ಅಶ್ವಯೋಧನು ಯಾವ ಕವಚವನ್ನು ತೊಡುತ್ತಿದ್ದನು, ಎಷ್ಟನೆಯ ಸಾಲಿನಲ್ಲಿ ನಿಲ್ಲುತ್ತಿದ್ದನು, ಅವನ ಕುದುರೆಗೆ ಯಾವ ಹೊದಿಕೆ ಇರುತ್ತಿದ್ದಿತು ಎಂಬುದನ್ನು ವಿದ್ಯಾರ್ಥಿಗಳು ಗ್ರಂಥಗಳಿಂದ ಸುಲಭವಾಗಿ ತಿಳಿದುಕೊಳ್ಳುತ್ತಾರೆ. ಆದರೆ ಅದೇ ಕಾಲದಲ್ಲಿ, ತಾವು ದಿನವೂ ಓಡಾಡುವ ಬೊಮ್ಮನಹಳ್ಳಿ, ಬಿ.ಟಿ.ಎಂ. ಬಡಾವಣೆಗಳ ಸಮೀಪದಲ್ಲಿಯೇ ಕಾದಿ ಮಡಿದ ಯೋಧನ ವಿಷಯ ಕೇಳಿದರೆ ಉತ್ತರ ದೊರೆಯುವುದಿಲ್ಲ. ಇದಕ್ಕೆ ಆಧಾರಗಳ ಅಭಾವವು ಕಾರಣವಲ್ಲ. ಆಧಾರಗಳ ಸ್ವರೂಪವು ಬೇರೆಯಾಗಿರುವುದೇ ಕಾರಣ. ಅಲ್ಲಿ ಉಳಿದಿರುವುದು ಅರಸನು ಬರೆಯಿಸಿದ ಯುದ್ಧಶಾಸ್ತ್ರ. ಇಲ್ಲಿ ಉಳಿದಿರುವುದು ಊರವರು ನಿಲ್ಲಿಸಿದ ಕಲ್ಲು.

ಬೆಂಗಳೂರಿನ ದಕ್ಷಿಣ ಭಾಗದಲ್ಲಿರುವ ಬೇಗೂರಿನ ಶಿಲಾಶಾಸನಗಳನ್ನು ಮುಖ್ಯ ಆಧಾರವಾಗಿಟ್ಟುಕೊಂಡು, ಕ್ರಿ.ಶ. ೯೦೦ರ ಆಸುಪಾಸಿನ ಕನ್ನಡ ನಾಡಿನ ಯೋಧನ ಆಯುಧ, ಮೈಗಾಪು ಮತ್ತು ಜೀವನಾಧಾರಗಳನ್ನು ಕುರಿತು ಏನನ್ನು ನಿಶ್ಚಯವಾಗಿ ಹೇಳಬಹುದು ಎಂಬುದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ. ಸಮಕಾಲೀನವಾದ ಬೈಜಾಂಟಿಯಮ್ ಸೈನ್ಯವನ್ನು ಹೋಲಿಕೆಗಾಗಿ ಅಲ್ಲಲ್ಲಿ ತೆಗೆದುಕೊಳ್ಳಲಾಗಿದೆ.

೨. ಬೇಗೂರಿನ ಎರಡು ಕಲ್ಲುಗಳು

ಬೇಗೂರು ಹೊಸೂರು ರಸ್ತೆಯ ಪಶ್ಚಿಮಕ್ಕಿರುವ ಹಳೆಯ ಊರು. ಶಾಸನಗಳಲ್ಲಿ ಇದರ ಹೆಸರು ಬೆಂಪೂರು. ಇಲ್ಲಿನ ಪಂಚಲಿಂಗೇಶ್ವರ ದೇವಾಲಯವು ಗಂಗರ ಕಾಲದಷ್ಟು ಪ್ರಾಚೀನವಾದುದು. ಊರಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ೧೯೦೫ರಲ್ಲಿ ಪ್ರಕಟವಾದ 'ಎಪಿಗ್ರಾಫಿಯ ಕರ್ನಾಟಿಕ'ದ ಒಂಬತ್ತನೆಯ ಸಂಪುಟದಲ್ಲಿ ಸೇರಿಸಿದರು.

ಇವುಗಳಲ್ಲಿ ಎರಡು ನಮಗೆ ಮುಖ್ಯವಾಗಿವೆ. ಮೊದಲನೆಯದು ದೇವಾಲಯದ ಆವರಣದಲ್ಲಿರುವ, ಸುಮಾರು ಕ್ರಿ.ಶ. ೮೯೦ರ ಚಿಕ್ಕ ಶಾಸನ. ನಾಗತ್ತರನ ಮಗನಾದ ಬುಟ್ಟಣಪತಿಯು ಬೆಂಗಳೂರಿನ ಕಾಳೆಗದಲ್ಲಿ ಸತ್ತನೆಂಬುದು ಇದರ ಸಾರಾಂಶ. ಬೆಂಗಳೂರೆಂಬ ಹೆಸರು ಕಾಣಿಸಿಕೊಳ್ಳುವ ಅತಿ ಪ್ರಾಚೀನ ಬರಹವಿದೆಂದು ಇದು ಪ್ರಸಿದ್ಧವಾಗಿದೆ. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನು ಕೊಟ್ಟುದರಿಂದ ಊರಿಗೆ ಆ ಹೆಸರು ಬಂದಿತೆಂಬ ಕಥೆಯು ಇತಿಹಾಸವಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಏಕೆಂದರೆ ಇಮ್ಮಡಿ ಬಲ್ಲಾಳನ ಆಳ್ವಿಕೆ ಆರಂಭವಾದುದು ೧೧೭೩ರಲ್ಲಿ. ಆದರೆ ಊರಿನ ಹೆಸರಿನ ಚರ್ಚೆಯಲ್ಲಿ ಶಾಸನದ ನಿಜವಾದ ವಸ್ತು ಮರೆಯಾಗಿಬಿಟ್ಟಿದೆ. ಅದು ಊರಿನ ಶಾಸನವಲ್ಲ, ಯೋಧನ ಶಾಸನ.

ಎರಡನೆಯದು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿರುವ ದೊಡ್ಡ ವೀರಗಲ್ಲು. ಇದರಲ್ಲಿರುವ ವೃತ್ತಾಂತ ಹೀಗಿದೆ: ಗಂಗರ ಎರೆಯಪ್ಪನು, ಬೀರಮಹೇಂದ್ರನೊಡನೆ ಕಾದುತ್ತಿದ್ದ ಅಯ್ಯಪದೇವನ ನೆರವಿಗೆ ನಾಗತ್ತರನನ್ನು ಸಾಮಂತರ ದಂಡಿನೊಡನೆ ಕಳುಹಿಸುತ್ತಾನೆ. ತುಂಬೆಪಾಡಿ ಎಂಬಲ್ಲಿ ಕಾಳೆಗವಾಗುತ್ತದೆ. ಕಾಳೆಗವು ಬಿಗಡಾಯಿಸಿದಾಗ ನಾಗತ್ತರನು ಆನೆಗಳೊಡನೆ ಹೋರಾಡಿ ಮಡಿಯುತ್ತಾನೆ. ಆ ಸುದ್ದಿಯನ್ನು ಕೇಳಿದ ಎರೆಯಪ್ಪನು ಇರುಗನೆಂಬುವನಿಗೆ ನಾಗತ್ತರ ಪಟ್ಟವನ್ನು ಕಟ್ಟಿ, ಬೆಂಪೂರು ಹನ್ನೆರಡನ್ನು, ಎಂದರೆ ಬೇಗೂರು ಮತ್ತು ಅದಕ್ಕೆ ಸೇರಿದ ಹಳ್ಳಿಗಳನ್ನು, ಕಲ್ನಾಡಾಗಿ ಕೊಡುತ್ತಾನೆ. ಹಳ್ಳಿಗಳ ಹೆಸರುಗಳನ್ನೂ ಶಾಸನವು ಒಂದೊಂದಾಗಿ ಎಣಿಸುತ್ತದೆ.

ಯುದ್ಧದ ಗೆಲವು ಸೋಲುಗಳನ್ನು ಶಾಸನವು ವಿಸ್ತರಿಸುವುದಿಲ್ಲ. ಆದರೆ ಕೊಟ್ಟ ಊರುಗಳನ್ನು ತಪ್ಪದೆ ಹೇಳುತ್ತದೆ. ಇದು ಅಲಕ್ಷಿಸತಕ್ಕ ಸಂಗತಿಯಲ್ಲ. ಶಾಸನವನ್ನು ಹಾಕಿಸಿದವರಿಗೆ ಯಾವುದು ಉಳಿಯಬೇಕಾಗಿದ್ದಿತೆಂಬುದಕ್ಕೆ ಇದೇ ಸಾಕ್ಷಿ.

೩. ಶಿಲ್ಪದಲ್ಲಿ ಕಾಣುವ ಆಯುಧಗಳು

ವೀರಗಲ್ಲನ್ನು ಓದುವಾಗ ಅದರ ಬರಹ ಮತ್ತು ಶಿಲ್ಪಗಳನ್ನು ಮೊದಲು ಬೇರೆ ಬೇರೆಯಾಗಿ ಪರಿಶೀಲಿಸಿ, ಅನಂತರ ಕೂಡಿಸಿ ನೋಡುವುದು ಕ್ರಮ. ಬರಹವು ಹೆಸರು, ಒಡೆಯ, ಕಾರಣ, ದತ್ತಿಗಳನ್ನು ತಿಳಿಸುತ್ತದೆ. ಆಯುಧಗಳ ವಿಷಯದಲ್ಲಿ ಸಾಮಾನ್ಯವಾಗಿ ಮೌನವಾಗಿರುತ್ತದೆ. ಶಿಲ್ಪವು ಆಯುಧಗಳನ್ನು ತೋರಿಸುತ್ತದೆ. ಆದರೆ ಅದಕ್ಕೆ ತನ್ನದೇ ಆದ ಸಂಪ್ರದಾಯವಿದೆ.

ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ವೀರಗಲ್ಲುಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿಕೆಗಳಿರುತ್ತವೆ. ಕೆಳಗಿನದರಲ್ಲಿ ಯುದ್ಧ, ನಡುವೆ ಅಪ್ಸರೆಯರು ವೀರನನ್ನು ಕೊಂಡೊಯ್ಯುವುದು, ಮೇಲೆ ದೇವಸನ್ನಿಧಿ. ಗಂಗ-ನೊಳಂಬರ ಕಾಲದ ಕಲ್ಲುಗಳಲ್ಲಿ ಈ ವಿಭಾಗವು ಇನ್ನೂ ಖಚಿತವಾಗಿಲ್ಲ. ಹಲವು ಕಲ್ಲುಗಳಲ್ಲಿ ವೀರನ ಒಂದೇ ದೊಡ್ಡ ಆಕೃತಿ ಕಲ್ಲನ್ನು ತುಂಬಿರುತ್ತದೆ. ಬೇಗೂರಿನ ದೊಡ್ಡ ಕಲ್ಲಿನಲ್ಲಿ ಯುದ್ಧದೃಶ್ಯಕ್ಕೇ ಪ್ರಾಧಾನ್ಯ. ಆನೆ, ಕುದುರೆ, ಕಾಲಾಳುಗಳು ಒತ್ತೊತ್ತಾಗಿ ಕಾದುತ್ತಿರುವ ಈ ದೃಶ್ಯವು ಆ ಕಾಲದ ಕಾಳೆಗದ ಇಕ್ಕಟ್ಟನ್ನು ಕಣ್ಣಿಗೆ ತಂದುಕೊಡುತ್ತದೆ.

ಇಂತಹ ಕಲ್ಲುಗಳನ್ನು ಹೋಲಿಸಿ ನೋಡಿದರೆ ಕಾಲಾಳಿನ ಆಯುಧಗಳ ಒಂದು ಸ್ಥೂಲ ಚಿತ್ರ ದೊರೆಯುತ್ತದೆ. ಬಾಳ್ ಅಥವಾ ಕತ್ತಿ ಮತ್ತು ಹರಿಗೆ ಅಥವಾ ಗುರಾಣಿ, ಇವು ಕೈಗೆ ಕೈ ಹತ್ತಿದ ಕಾದಾಟದ ಜೋಡಿ. ಬಿಲ್ಲುಗಾರರೂ ಧಾರಾಳವಾಗಿ ಕಾಣುತ್ತಾರೆ. ತುರುಗೋಳಿನ, ಎಂದರೆ ದನಗಳನ್ನು ಹಿಡಿದೊಯ್ಯುವ ದಾಳಿಯ, ಕಲ್ಲುಗಳಲ್ಲಿ ಬಿಲ್ಲು ಬಹಳ ಸಾಮಾನ್ಯ. ಮೈಯಲ್ಲಿ ಬಾಣಗಳು ನೆಟ್ಟಿದ್ದರೂ ಹಿಮ್ಮೆಟ್ಟದ ವೀರನ ಚಿತ್ರವನ್ನು ಎಷ್ಟೋ ಕಲ್ಲುಗಳಲ್ಲಿ ನೋಡಬಹುದು. ಈಟಿಯು ಕಾಲಾಳು ಮತ್ತು ರಾವುತ ಇಬ್ಬರ ಕೈಯಲ್ಲಿಯೂ ಇರುತ್ತದೆ. ಸೊಂಟದಲ್ಲಿ ಸಿಕ್ಕಿಸಿದ ಸುರಗಿ ಅಥವಾ ಕಠಾರಿಯು ಯೋಧನು ಕೊನೆಯ ಗಳಿಗೆಗೆ ಉಳಿಸಿಕೊಂಡ ಆಯುಧ.

ಈ ಕಿರುಗತ್ತಿಯು ರಾಜರ ಯುದ್ಧದಲ್ಲಿಯೂ ನಿರ್ಣಾಯಕವಾಗಬಹುದಾಗಿದ್ದಿತೆಂಬುದಕ್ಕೆ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನವೇ (ಕ್ರಿ.ಶ. ೯೪೯-೫೦) ನಿದರ್ಶನ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಗಂಗ ಇಮ್ಮಡಿ ಬೂತುಗನು ಕೊಂದುದನ್ನು ಇದು ಹೇಳುತ್ತದೆ. ಆನೆಯ ಮೇಲಣ ಆಸನವನ್ನೇ ರಣಭೂಮಿಯನ್ನಾಗಿ ಮಾಡಿಕೊಂಡು ಸುರಗಿಯಿಂದ ಇರಿದನೆಂದು ವಿದ್ವಾಂಸರು ಆ ಭಾಗವನ್ನು ಅರ್ಥೈಸಿದ್ದಾರೆ. ಚೋಳರ ಲೈಡನ್ ತಾಮ್ರಶಾಸನವಾದರೋ ರಾಜಾದಿತ್ಯನು ಆನೆಯ ಮೇಲಿದ್ದಾಗ ಬಾಣಗಳಿಂದ ಎದೆ ಸೀಳಿ ಮಡಿದನೆನ್ನುತ್ತದೆ. ಒಂದೇ ಸಾವು, ಎರಡು ಪಕ್ಷಗಳ ಶಾಸನಗಳಲ್ಲಿ ಎರಡು ಆಯುಧಗಳು. ಗೆದ್ದವರಿಗೆ ಎದುರೆದುರು ನಿಂತು ಇರಿದುದು ಹೆಮ್ಮೆ. ಸೋತವರಿಗೆ ದೂರದ ಬಾಣದಿಂದ ಮಡಿದುದು ಮರ್ಯಾದೆ. ಆಯುಧದ ಉಲ್ಲೇಖವು ಯಾವಾಗಲೂ ವಸ್ತುವಿನ ಉಲ್ಲೇಖ ಮಾತ್ರವಾಗಿರುವುದಿಲ್ಲವೆಂಬುದನ್ನು ವಿದ್ಯಾರ್ಥಿಗಳು ಇದರಿಂದ ಅರಿಯಬೇಕು.

ಆನೆಯ ವಿಷಯವಾಗಿ ಇನ್ನೊಂದು ಮಾತು. ಗಂಗರ ಲಾಂಛನವೇ ಮದಗಜ. ಶ್ರೀಪುರುಷನು ಗಜಶಾಸ್ತ್ರವನ್ನು ಕುರಿತು ಬರೆದನೆಂದು ಪ್ರತೀತಿ. ಕಾಡಾನೆಗಳಿದ್ದ ದಕ್ಷಿಣದ ಅರಣ್ಯಗಳು ಈ ವಂಶದ ಅಧೀನದಲ್ಲಿದ್ದುವು. ಒಳ್ಳೆಯ ಕುದುರೆಯಾದರೋ ಬಹುಮಟ್ಟಿಗೆ ಹೊರನಾಡಿನಿಂದ ಬರಬೇಕಾಗಿದ್ದಿತು. ಹೀಗಾಗಿ ನಾಗತ್ತರನ ಕೊನೆಯ ಹೋರಾಟವು ಆನೆಗಳೊಡನೆ ನಡೆದುದು ಆಕಸ್ಮಿಕವಲ್ಲ. ಆ ಕಾಲದ ದಕ್ಷಿಣ ಭಾರತದ ಯುದ್ಧದಲ್ಲಿ ಎದುರಾಳಿಯ ಸಾಲನ್ನು ಒಡೆಯುವ ಕೆಲಸ ಆನೆಯದಾಗಿದ್ದಿತು. ಅದನ್ನು ತಡೆಯುವ ಕೆಲಸವು ಸಾವಿಗೆ ಸಿದ್ಧರಾದವರದು.

೪. ಕವಚದ ಪ್ರಶ್ನೆ

ವೀರಗಲ್ಲುಗಳಲ್ಲಿ ಬಹುಪಾಲು ಯೋಧರು ಬರಿಮೈಯವರು. ಸೊಂಟಕ್ಕೆ ಬಿಗಿದ ಬಟ್ಟೆ, ಮೇಲಕ್ಕೆತ್ತಿ ಕಟ್ಟಿದ ಮುಡಿ, ಕೆಲವು ಆಭರಣಗಳು, ಇಷ್ಟೇ. ಇದನ್ನು ನೋಡಿ ನಮ್ಮವರಿಗೆ ಕವಚವೇ ತಿಳಿದಿರಲಿಲ್ಲವೆಂದು ತೀರ್ಮಾನಿಸುವುದು ಆತುರವಾಗುತ್ತದೆ. ಕನ್ನಡದಲ್ಲಿ ಮೈಗೆ ಜೋಡು, ಕುದುರೆಗೆ ಹಕ್ಕರಿಕೆ, ಆನೆಗೆ ರೆಂಚೆ ಎಂದು ಬೇರೆ ಬೇರೆ ಹೆಸರುಗಳಿವೆ. ಹೆಸರುಗಳಿದ್ದಲ್ಲಿ ವಸ್ತುಗಳೂ ಇದ್ದಿರಬೇಕು. ಶಿಲ್ಪಿಯ ಉದ್ದೇಶವು ಸತ್ತವನನ್ನು ಸ್ವರ್ಗಕ್ಕೆ ಸಲ್ಲುವ ವೀರನನ್ನಾಗಿ ತೋರಿಸುವುದೇ ಹೊರತು ಅವನ ಉಡುಪಿನ ವರದಿಯನ್ನು ಒಪ್ಪಿಸುವುದಲ್ಲ.

ಇಲ್ಲಿ ಬೈಜಾಂಟಿಯಮ್‌ನ ಹೋಲಿಕೆಯು ಪ್ರಯೋಜನಕಾರಿಯಾಗಿದೆ. ನಾಗತ್ತರನು ಮಡಿದ ಕಾಲಕ್ಕೆ ಕಾನ್‌ಸ್ಟಾಂಟಿನೋಪಲ್‌ನಲ್ಲಿ, ಎಂದರೆ ಇಂದಿನ ಇಸ್ತಾಂಬುಲ್ ನಗರದಲ್ಲಿ, ಚಕ್ರವರ್ತಿ ಆರನೆಯ ಲಿಯೋ (೮೮೬-೯೧೨) ಆಳುತ್ತಿದ್ದನು. ಅವನ ಹೆಸರಿನಲ್ಲಿ 'ಟ್ಯಾಕ್ಟಿಕಾ' ಎಂಬ ಯುದ್ಧಶಾಸ್ತ್ರಗ್ರಂಥವು ಉಳಿದುಬಂದಿದೆ. ಅರ್ಧ ಶತಮಾನದ ಅನಂತರ ಚಕ್ರವರ್ತಿ ನಿಕೆಫೋರಸ್ ಫೋಕಾಸನ (೯೬೩-೯೬೯) ಹೆಸರಿನ ಇನ್ನೊಂದು ಗ್ರಂಥವು ಸೈನ್ಯದ ಲೆಕ್ಕವನ್ನು ಅಂಕೆಗಳಲ್ಲಿಯೇ ಕೊಡುತ್ತದೆ. ಸಾವಿರ ಕಾಲಾಳುಗಳ ಒಂದು ದಳದಲ್ಲಿ ೪೦೦ ಜನ ಈಟಿ ಗುರಾಣಿಗಳವರು, ೩೦೦ ಬಿಲ್ಲುಗಾರರು, ೨೦೦ ಎಸೆಯುವ ಈಟಿ ಮತ್ತು ಕವಣೆಗಳವರು, ಕುದುರೆಗಳ ನುಗ್ಗನ್ನು ತಡೆಯಲು ದಪ್ಪ ಈಟಿಗಳನ್ನು ಹಿಡಿದ ೧೦೦ ಜನ. ಕವಚಧಾರಿ ಅಶ್ವದಳವು ಮೊನೆ ಮುಂದಾದ ಬೆಣೆಯ ಆಕಾರದಲ್ಲಿ ನಿಲ್ಲುತ್ತಿದ್ದಿತು: ಮುಂದಿನ ಸಾಲಿನಲ್ಲಿ ೨೦ ಜನ, ಹಿಂದಿನ ಪ್ರತಿಯೊಂದು ಸಾಲಿನಲ್ಲಿಯೂ ನಾಲ್ವರು ಹೆಚ್ಚು, ಹನ್ನೆರಡು ಸಾಲುಗಳಿಗೆ ಒಟ್ಟು ೫೦೪. ಈ ರಾವುತರಿಗೆ ಲೋಹದ ಚಿಕ್ಕ ಫಲಕಗಳನ್ನು ಸಾಲುಸಾಲಾಗಿ ಹೆಣೆದ ಕವಚ, ಮುಖವನ್ನೂ ಮುಚ್ಚುವ ಶಿರಸ್ತ್ರಾಣ, ಕುದುರೆಗಳಿಗೂ ಹೊದಿಕೆ.

ಆದರೆ ಅದೇ ಗ್ರಂಥವು ಕಾಲಾಳಿಗೆ ವಿಧಿಸುವುದೇನು? ಹತ್ತಿ ಮತ್ತು ಒರಟು ರೇಷ್ಮೆಯನ್ನು ತುಂಬಿ ಹೊಲಿದ ದಪ್ಪ ಅಂಗಿ. ತಲೆಗೆ ಕಂಬಳಿಯಂತಹ ಉಣ್ಣೆಯ ಟೋಪಿ, ಅದರ ಮೇಲೆ ಸುತ್ತಿದ ಬಟ್ಟೆ. ಉಕ್ಕಿನ ಕವಚವು ಆ ಸಂಪನ್ನ ಸಾಮ್ರಾಜ್ಯದಲ್ಲಿಯೂ ಸಾಮಾನ್ಯ ಸೈನಿಕನ ಉಡುಪಾಗಿರಲಿಲ್ಲ. ಲೋಹದ ಕವಚಕ್ಕೆ ಬೆಲೆ ಹೆಚ್ಚು, ತೂಕ ಹೆಚ್ಚು, ಬಿಸಿಲಿನಲ್ಲಿ ಅದರ ಬಾಧೆಯೂ ಹೆಚ್ಚು. ಕನ್ನಡ ನಾಡಿನಲ್ಲಿ ಕಬ್ಬಿಣಕ್ಕಾಗಲಿ ಉಕ್ಕಿಗಾಗಲಿ ಕೊರತೆಯಿರಲಿಲ್ಲ. ಯುರೋಪಿನವರು ದಕ್ಷಿಣ ಭಾರತದ ಮೂಸೆಯುಕ್ಕಿಗೆ ಕೊಟ್ಟ 'ವೂಟ್ಸ್' ಎಂಬ ಹೆಸರು ನಮ್ಮ 'ಉಕ್ಕು' ಶಬ್ದದಿಂದಲೇ ಬಂದಿತೆಂಬುದು ಬಹುಮಾನ್ಯ ಅಭಿಪ್ರಾಯ. ಇದ್ದ ಲೋಹವು ಕವಚಕ್ಕಿಂತ ಮೊದಲು ಅಲಗಿಗೆ ಸಲ್ಲುತ್ತಿದ್ದಿತೆಂದು ಊಹಿಸುವುದು ಯುಕ್ತವಾಗಿದೆ.

ಹೊಲಿದ ಅಂಗಿಯ ಸಂಪ್ರದಾಯಕ್ಕೆ ಕನ್ನಡ ನಾಡಿನಲ್ಲಿ ಸ್ಪಷ್ಟವಾದ ವರ್ಣನೆ ದೊರೆಯುವುದು ಬಹಳ ಈಚೆಗೆ. ಸುಮಾರು ೧೫೨೦ರಲ್ಲಿ ವಿಜಯನಗರವನ್ನು ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಮಹಾನವಮಿಯ ಸೇನಾವೀಕ್ಷಣೆಯಲ್ಲಿ ರಾವುತರು ಪದರಪದರವಾದ ಗಟ್ಟಿ ತೊಗಲಿನ ಮತ್ತು ಕಬ್ಬಿಣದ ಫಲಕಗಳನ್ನು ಸೇರಿಸಿದ ಮೇಲಂಗಿಗಳನ್ನೂ, ಕತ್ತನ್ನು ಕಾಯುವ ಅಂಚುಳ್ಳ ಶಿರಸ್ತ್ರಾಣಗಳನ್ನೂ ತೊಟ್ಟಿದ್ದರೆಂದು ವರ್ಣಿಸುತ್ತಾನೆ. ಆರು ನೂರು ವರ್ಷ ಹಿಂದಿನ ಗಂಗರ ಸೈನಿಕನಿಗೆ ಇದನ್ನು ಹಾಗೆಯೇ ತೊಡಿಸಲಾಗದು. ಆದರೆ ಕಲ್ಲಿನಲ್ಲಿ ಕಾಣದುದು ರಣದಲ್ಲಿ ಇರಲೇ ಇಲ್ಲವೆಂದು ಹೇಳುವುದಕ್ಕೂ ಆಗದು. ತಿಳಿದುದರ ಎಲ್ಲೆ ಇಷ್ಟೇ.

೫. ಕತ್ತಿಯನ್ನು ತೊಳೆದ ನೀರು

ಆಯುಧವನ್ನು ಹಿಡಿದ ಕೈಗೆ ಅನ್ನವನ್ನು ಕೊಡುತ್ತಿದ್ದವರು ಯಾರು? ಸೈನ್ಯದ ಇತಿಹಾಸದಲ್ಲಿ ಕವಚಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಶಾಸನಗಳು ನಮಗೆ ಅತ್ಯಂತ ನಿಚ್ಚಳವಾಗಿ ಉತ್ತರ ಕೊಡುವುದೂ ಈ ಪ್ರಶ್ನೆಗೇ.

ಬೇಗೂರಿನ ಶಾಸನದಲ್ಲಿ ಬರುವ ಕಲ್ನಾಡು ಎಂಬುದು ಮಡಿದ ವೀರನ ನೆನಪಿಗೆ ಕಲ್ಲನ್ನು ನಿಲ್ಲಿಸಿ ಬಿಟ್ಟ ಭೂಮಿ. ಬಾಳ್ಗಚ್ಚು ಎಂದರೆ ಬಾಳನ್ನು ಕರ್ಚುವುದು, ಕತ್ತಿಯನ್ನು ತೊಳೆಯುವುದು. ಶೌರ್ಯವನ್ನು ಮೆಚ್ಚಿ, ಕತ್ತಿಯನ್ನು ತೊಳೆದು ಧಾರೆಯೆರೆದ ಭೂಮಿಗೆ ಆ ಹೆಸರು. ನೆತ್ತರುಗೊಡಗೆ ಅಥವಾ ರಕ್ತಗೊಡಗೆ ಎಂಬುದು ಸುರಿಸಿದ ನೆತ್ತರಿಗೆ ಬದಲಾಗಿ ಮನೆಯವರಿಗೆ ಬಿಟ್ಟ ಕೊಡುಗೆ. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ, ಸುಮಾರು ಕ್ರಿ.ಶ. ೪೫೦ರ ಹಲ್ಮಿಡಿ ಶಾಸನವೂ ಬಾಳ್ಗಚ್ಚಿನ ದಾಖಲೆಯೇ ಆಗಿದೆ. ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ವಿಜಅರಸನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿಗಳನ್ನು ಕೊಟ್ಟುದು ಅದರ ವಿಷಯ. ಆತಕೂರಿನ ಶಾಸನದಲ್ಲಿ ಬೂತುಗನು ತನ್ನ ಆಳಾದ ಮಣಲೆರನಿಗೆ ಆತಕೂರು ಹನ್ನೆರಡನ್ನು ಬಾಳ್ಗಚ್ಚಾಗಿ ಕೊಟ್ಟನು. ಇದಕ್ಕೂ ಮೊದಲು, ಮೆಚ್ಚಿದ್ದನ್ನು ಬೇಡು ಎಂದಾಗ ಮಣಲೆರನು ಕೇಳಿ ಪಡೆದುದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ ಸತ್ತಾಗ ಅದಕ್ಕೂ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಟ್ಟರು.

ಬೈಜಾಂಟಿಯಮ್‌ನಲ್ಲಿಯೂ ಹತ್ತನೆಯ ಶತಮಾನದ ಪ್ರಾಂತೀಯ ಸೈನಿಕನು ಭೂಮಿಯನ್ನೇ ಅವಲಂಬಿಸಿದ್ದನು. ಏಳನೆಯ ಕಾನ್‌ಸ್ಟಾಂಟೈನನ (೯೪೫-೯೫೯) ಕಾನೂನು, ರಾವುತನೊಬ್ಬನನ್ನು ಸಜ್ಜುಗೊಳಿಸಬೇಕಾದ ಭೂಮಿಯ ಬೆಲೆಯು ನಾಲ್ಕು ಪೌಂಡು ಚಿನ್ನಕ್ಕೆ ಕಡಮೆಯಾಗಕೂಡದೆಂದೂ, ಅದನ್ನು ಪರಭಾರೆ ಮಾಡಕೂಡದೆಂದೂ ವಿಧಿಸಿತು. ಭಾರಿ ಕವಚದ ಅಶ್ವಯೋಧನ ವಿಷಯದಲ್ಲಿ ನಿಕೆಫೋರಸನು ಇದನ್ನು ಹನ್ನೆರಡು ಪೌಂಡಿಗೆ ಏರಿಸಿದನು. ಒಂದು ಕವಚದ ಹಿಂದೆ ಎಷ್ಟು ಹೊಲವಿರಬೇಕೆಂಬುದನ್ನು ಇದು ತೋರಿಸುತ್ತದೆ.

ಎರಡು ವ್ಯವಸ್ಥೆಗಳಿಗೂ ಭೂಮಿಯೇ ಆಧಾರ. ಆದರೆ ಅವುಗಳ ದಿಕ್ಕು ಬೇರೆ. ಅಲ್ಲಿ ಭೂಮಿಯನ್ನು ಮುಂದಿನ ಸೇವೆಗಾಗಿ ಕಾಯ್ದಿಡುತ್ತಾರೆ. ಅಳತೆ ಚಿನ್ನದ್ದು, ಕಾನೂನು ರಾಜಧಾನಿಯದು. ಇಲ್ಲಿ ಭೂಮಿಯನ್ನು ಬಹುಮಟ್ಟಿಗೆ ನಡೆದ ಸೇವೆಗಾಗಿ, ಎಷ್ಟೋ ಸಲ ಸಾವಿನ ಅನಂತರ, ಕೊಡುತ್ತಾರೆ. ಸಾಕ್ಷಿಯಾಗಿ ಊರಿನಲ್ಲಿಯೇ ಕಲ್ಲು ನಿಲ್ಲುತ್ತದೆ. ಹಾಗೆಂದು ಇದು ಕೇವಲ ಕೃತಜ್ಞತೆಯ ದಾನವೆಂದು ಭಾವಿಸಕೂಡದು. ನಾಗತ್ತರನು ಸತ್ತೊಡನೆ ಇರುಗನಿಗೆ ಅದೇ ಪಟ್ಟವು ಬಂದಿತು. ನಾಯಕನು ಅಳಿದರೂ ನಾಯಕತ್ವವು ಅಳಿಯದಂತೆ, ದಂಡು ಚದುರದಂತೆ ಅರಸನು ವಹಿಸಿದ ಎಚ್ಚರ ಇದು. ತಾನು ಸತ್ತರೆ ತನ್ನವರು ಕೆಡುವುದಿಲ್ಲವೆಂಬ ನಂಬಿಕೆಯು ಆ ಕಾಲದ ಯೋಧನಿಗೆ ಕವಚದಷ್ಟೇ ಅಗತ್ಯವಾಗಿದ್ದಿತು.

ಈ ಸಂಬಂಧವನ್ನು ಕನ್ನಡದಲ್ಲಿ ಎರಡು ಮಾತುಗಳು ಹಿಡಿದಿಟ್ಟಿವೆ: ಉಂಡ ಜೋಳದ ಋಣವನ್ನು ತೀರಿಸುವುದು ಜೋಳವಾಳಿ, ಒಡೆಯನಿಗಾಗಿ ಪ್ರಾಣವನ್ನೇ ಕೊಡುವೆನೆಂಬ ಭಾಷೆಯನ್ನು ನಡೆಸುವುದು ವೇಳೆವಾಳಿ. ವೇಳೆವಾಳಿಯ ಪರಾಕಾಷ್ಠೆಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಗರುಡಸ್ತಂಭದಲ್ಲಿ ನೋಡಬಹುದು. ೧೨೨೦ರಲ್ಲಿ ಇಮ್ಮಡಿ ಬಲ್ಲಾಳನು ತೀರಿಕೊಂಡಾಗ ಅವನ ಗರುಡನಾದ ಕುವರಲಕ್ಷ್ಮನು ಪ್ರಾಣವನ್ನು ಒಪ್ಪಿಸಿದುದಕ್ಕೆ ಅದು ಸ್ಮಾರಕ. ಇದನ್ನು ಕೊಂಡಾಡುವುದು ಇತಿಹಾಸಕಾರನ ಕೆಲಸವಲ್ಲ. ಇಂತಹ ನಿಷ್ಠೆಯನ್ನು ಬೆಳೆಸಿದ ಸಮಾಜವು ಅದಕ್ಕೆ ಎಷ್ಟು ಜೀವಗಳನ್ನು ತೆತ್ತಿತೆಂಬುದನ್ನೂ ಆತನು ಕಾಣಬೇಕು.

೬. ಉಪಸಂಹಾರ

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ 'ಮಾನಸೋಲ್ಲಾಸ'ವು ಹನ್ನೆರಡನೆಯ ಶತಮಾನದಲ್ಲಿ ಸೈನ್ಯವನ್ನು ಮೌಲ, ಭೃತ್ಯ, ಮೈತ್ರ, ಶ್ರೇಣಿ, ಆಟವಿಕ, ಅಮಿತ್ರ ಎಂದು ಆರು ವಿಧವಾಗಿ ವಿಂಗಡಿಸುತ್ತದೆ. ಹೀಗೆ ಶಾಸ್ತ್ರಗ್ರಂಥಗಳು ನಮ್ಮಲ್ಲಿಯೂ ಇದ್ದುವು. ಆದರೆ ಶಾಸ್ತ್ರವು ಹೇಳುವುದು ಇರಬೇಕಾದ ಸೈನ್ಯವನ್ನು. ಬೈಜಾಂಟಿಯಮ್‌ನ ಬೆಣೆಯಲ್ಲಿ ನಿಂತ ೫೦೪ ಜನರ ಸ್ಥಾನವನ್ನು ನಾವು ಬಲ್ಲೆವು; ಅವರಲ್ಲಿ ಒಬ್ಬನ ಹೆಸರನ್ನೂ ಗ್ರಂಥವು ಹೇಳುವುದಿಲ್ಲ. ಬೆಂಗಳೂರಿನ ಕಾಳೆಗದಲ್ಲಿ ಸೈನ್ಯವು ಹೇಗೆ ನಿಂತಿದ್ದಿತೆಂಬುದನ್ನು ನಾವು ಅರಿಯೆವು. ಆದರೆ ಅಲ್ಲಿ ಸತ್ತವನು ಬುಟ್ಟಣಪತಿಯೆಂಬುದನ್ನು ಬಲ್ಲೆವು. ಒಂದು ಆಧಾರವು ಇನ್ನೊಂದಕ್ಕಿಂತ ಮೇಲೆಂದು ಹೇಳುವುದಕ್ಕಾಗಿ ಈ ಮಾತಲ್ಲ. ಶಾಸ್ತ್ರದಿಂದ ಸೈನ್ಯವನ್ನೂ ಕಲ್ಲಿನಿಂದ ಸೈನಿಕನನ್ನೂ ತಿಳಿಯಬಹುದು, ಎರಡೂ ಬೇಕು.

ಗ್ರಂಥವು ಕಳೆದರೆ ಮತ್ತೊಂದು ಪ್ರತಿ ಎಲ್ಲಿಯಾದರೂ ಸಿಕ್ಕೀತು. ವೀರಗಲ್ಲಿಗೆ ಪ್ರತಿಯಿಲ್ಲ. ಬೆಂಗಳೂರಿನ ಸುತ್ತಲಿನ ಹಳ್ಳಿಗಳು ಬಡಾವಣೆಗಳಾಗಿ ಮಾರ್ಪಟ್ಟಾಗ ಕೆರೆಯ ಏರಿ, ಹೊಲದ ಬದು, ಗುಡಿಯ ಮೂಲೆಗಳಲ್ಲಿ ನಿಂತಿದ್ದ ಎಷ್ಟೋ ಕಲ್ಲುಗಳು ಅಡಿಪಾಯಗಳೊಳಗೆ ಸೇರಿಹೋದುವು. ಆದರೂ ನಿರಾಶೆಗೆ ಕಾರಣವಿಲ್ಲ. ಶ್ರೀಪುರುಷನ ಆಳ್ವಿಕೆಯಲ್ಲಿ, ಸುಮಾರು ಕ್ರಿ.ಶ. ೭೫೦ರಲ್ಲಿ, ದಾಳಿಯನ್ನು ತಡೆದು ಮಡಿದ ಕಿತ್ತಯ್ಯನ ಕಲ್ಲು ೨೦೧೮ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದಿತು. ಅದನ್ನು ಗುರುತಿಸಿ ಉಳಿಸಿದವರು ಆಸಕ್ತ ನಾಗರಿಕರು.

ಆದುದರಿಂದ ಜಯನಗರ, ಬನಶಂಕರಿ, ಜೆ.ಪಿ. ನಗರಗಳ ಕಾಲೇಜುಗಳ ಅಧ್ಯಾಪಕರಲ್ಲಿಯೂ ವಿದ್ಯಾರ್ಥಿಗಳಲ್ಲಿಯೂ ಒಂದು ವಿಜ್ಞಾಪನೆ. ನಿಮ್ಮ ಬಡಾವಣೆಯೊಳಗೆ ಉಳಿದಿರುವ ಹಳೆಯ ಊರಿನ ಗುಡಿಯ ಬಳಿ ಒರಗಿಸಿಟ್ಟ ಕಲ್ಲಿದ್ದರೆ, ಬಣ್ಣ ಸುಣ್ಣಗಳ ಕೆಳಗೆ ಬರಹವಿದೆಯೇ ಎಂಬುದನ್ನು ನೋಡಿ. ಉಜ್ಜಬೇಡಿ, ಕೆರೆಯಬೇಡಿ, ಸ್ಥಳವನ್ನು ಬದಲಿಸಬೇಡಿ. ಅಳತೆಯನ್ನೂ, ಇರುವ ಜಾಗವನ್ನೂ, ವೀರನ ಕೈಯಲ್ಲಿರುವ ಆಯುಧಗಳನ್ನೂ ಬರೆದುಕೊಂಡು, ಛಾಯಾಚಿತ್ರ ತೆಗೆದು, ಮೊದಲು ಸಂಪುಟಗಳಲ್ಲಿ ಅದು ಪ್ರಕಟವಾಗಿದೆಯೇ ಎಂಬುದನ್ನು ಹುಡುಕಿ. ಆಗಿಲ್ಲವಾದರೆ ಪುರಾತತ್ತ್ವ ಇಲಾಖೆಗೆ ತಿಳಿಸಿ. ಒಬ್ಬ ಸೈನಿಕನಿಗೆ ಕೊಟ್ಟ ಹೊಲವು ಎಂದೋ ಕೈಬದಲಾಗಿ ಹೋಗಿದೆ. ಅವನ ಹೆಸರಾದರೂ ಉಳಿಯುವುದು ಇನ್ನು ನಮ್ಮ ಕೈಯಲ್ಲಿದೆ.